ಸ್ಕೂಟರಿನ ಉಸಿರಾಟ

ಮಳೆ ಇನ್ನೇನು ಹಿಡಿಯಬೇಕೆಂಬ ದಿನಗಳು. ಪುತ್ತಿಗೆಯ ನಮ್ಮ ಮನೆಯಂಗಳಕ್ಕೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸ್ಕೂಟರಿನಲ್ಲಿ ಬಂದಿಳಿದನು. ಅದು ಅವನ ತಾಯಿ ಬೀಡಿ ಕಟ್ಟಿ ಕೂಡಿಸಿದ ಹಣದಲ್ಲಿ, ಮಗನು ಕಾಲೇಜಿಗೆ ಹೋಗಿಬರಲೆಂದು ಕೊಂಡ ಹಳೆಯ ಗಾಡಿ. ಅವನ ಕೈಯಲ್ಲೊಂದು ಚೀಟಿಯಿತ್ತು. ಅದರಲ್ಲಿ ಮೂರು ಬಾಬುಗಳು: ಕಾಗದದ ಏರ್ ಫಿಲ್ಟರನ್ನೂ ಅದರ ಪೆಟ್ಟಿಗೆಯನ್ನೂ ತೆಗೆದು, ಶಂಕುವಿನಾಕಾರದ ತೆರೆದ ಫಿಲ್ಟರನ್ನು ಹಾಕುವುದು, ಎದುರುಗಾಳಿಯನ್ನು ಹಿಡಿದು ಒಳಕ್ಕೆ ಕಳುಹಿಸುವ ಒಂದು ತೂಬನ್ನು ಕೂಡಿಸುವುದು, ಸೈಲೆನ್ಸರಿನ ಒಳತಡೆಗಳನ್ನು ಕಿತ್ತು ದಾರಿಯನ್ನು ಸಲೀಸು ಮಾಡುವುದು. ಇವೆಲ್ಲಕ್ಕೂ ತಗಲುವ ವೆಚ್ಚವನ್ನು ಕೆಳಗೆ ಕೂಡಿಸಿ ಬರೆದಿದ್ದನು. ಆ ಮೊತ್ತ ಅವನ ಮನೆಯ ಮಟ್ಟಿಗೆ ಸಣ್ಣದಾಗಿರಲಿಲ್ಲ.

“ಸರ್, ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡುವುದಕ್ಕೂ ಕಟ್ಟದೆ ಓಡುವುದಕ್ಕೂ ವ್ಯತ್ಯಾಸ ಇಲ್ಲವೆ? ಗಾಡಿಗೂ ಹಾಗೆಯೇ ಅಲ್ಲವೆ?” ಎಂದು ಅವನು ಕೇಳಿದನು.

ಪ್ರಶ್ನೆ ಮೂರ್ಖತನದ್ದಲ್ಲ. ಯಂತ್ರವೂ ಉಸಿರಾಡುತ್ತದೆ, ಉಸಿರು ಕಟ್ಟಿದರೆ ಅದರ ಶಕ್ತಿ ಕುಂದುತ್ತದೆ. ಆದರೆ ಈಗ ಅದರ ಉಸಿರು ಎಷ್ಟು ಕಟ್ಟಿದೆ? ತಡೆಯನ್ನು ತೆಗೆದರೆ ಎಷ್ಟು ಲಾಭ? ಈ ‘ಎಷ್ಟು’ ಎಂಬ ಮಾತಿಗೆ ಉತ್ತರ ಕೊಡುವುದೇ ಭೌತಶಾಸ್ತ್ರದ ಕೆಲಸ. “ಹಣವನ್ನು ಖರ್ಚುಮಾಡುವ ಮೊದಲು ಲೆಕ್ಕ ಮಾಡೋಣ” ಎಂದೆ. ಅಂದು ಜಗಲಿಯ ಮೇಲೆ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಪ್ರೌಢಶಾಲೆಯ ಗಣಿತವಷ್ಟೇ ಇದಕ್ಕೆ ಸಾಕು.

ಯಂತ್ರವು ಸೇವಿಸುವ ಗಾಳಿ

ಇಂದಿನ ಸಾಮಾನ್ಯ ಸ್ಕೂಟರಿನ ಯಂತ್ರವು ನಾಲ್ಕು ಹೊಡೆತಗಳದು. ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸಿಲಿಂಡರು ಹೀರಿಕೊಳ್ಳುವುದು ಚೂಷಣ. ಪಿಸ್ಟನ್ ಮೇಲೇರಿ ಅದನ್ನು ಒತ್ತುವುದು ಸಂಪೀಡನ. ಕಿಡಿ ತಗಲಿ ಉರಿದ ಅನಿಲವು ಪಿಸ್ಟನನ್ನು ಕೆಳಕ್ಕೆ ದೂಡುವುದು ಶಕ್ತಿಯ ಹೊಡೆತ. ಸುಟ್ಟ ಅನಿಲವನ್ನು ಹೊರಕ್ಕಟ್ಟುವುದು ನಿಷ್ಕಾಸ. ನಾಲ್ಕು ಹೊಡೆತಗಳಿಗೆ ದಂಡವು ಎರಡು ಸುತ್ತು ತಿರುಗುತ್ತದೆ. ಆದುದರಿಂದ ಎರಡು ಸುತ್ತಿಗೆ ಒಮ್ಮೆ ಮಾತ್ರ ಯಂತ್ರವು ಉಸಿರೆಳೆದುಕೊಳ್ಳುತ್ತದೆ.

ಸಿಲಿಂಡರಿನ ಗಾತ್ರ 110 ಘನ ಸೆಂಟಿಮೀಟರು, ವೇಗ ನಿಮಿಷಕ್ಕೆ 6000 ಸುತ್ತು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 3000, ಅಂದರೆ ಸೆಕೆಂಡಿಗೆ 50 ಉಸಿರುಗಳಾದವು. ಪ್ರತಿಯೊಂದು ಉಸಿರೂ ಪೂರ್ಣವಾಗಿದ್ದರೆ ಸೆಕೆಂಡಿಗೆ 5.5 ಲೀಟರು ಗಾಳಿ ಒಳಗೆ ಹೋಗಬೇಕು. ಸಿಲಿಂಡರು ಪೂರ್ತಿ ತುಂಬುವುದಿಲ್ಲವಾದುದರಿಂದ ಹತ್ತರಲ್ಲಿ ಒಂಬತ್ತು ಪಾಲು ಹಿಡಿದು, ಸೆಕೆಂಡಿಗೆ 5 ಲೀಟರು ಎನ್ನೋಣ. ನಮ್ಮ ಕರಾವಳಿಯ ತೇವಭರಿತ ಬಿಸಿಗಾಳಿಯ ತೂಕ ಲೀಟರಿಗೆ ಸುಮಾರು 1.15 ಗ್ರಾಂ. ಹಾಗಾದರೆ ಸೆಕೆಂಡಿಗೆ 5.75 ಗ್ರಾಂ ಗಾಳಿ ಸಿಲಿಂಡರನ್ನು ಸೇರುತ್ತದೆ.

ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದುದರಿಂದ ಸೆಕೆಂಡಿಗೆ ಉರಿಯಬಲ್ಲ ಪೆಟ್ರೋಲು 0.39 ಗ್ರಾಂ. ಪ್ರತಿ ಗ್ರಾಮಿನಿಂದ ಸುಮಾರು 43,500 ಜೂಲ್ ಶಾಖ ಹೊರಡುವುದರಿಂದ, ದೊರೆಯುವ ಒಟ್ಟು ಶಾಖ ಸುಮಾರು 17,000 ವಾಟ್. ಇದರಲ್ಲಿ ನೂರಕ್ಕೆ 28 ಪಾಲು ಕೆಲಸವಾಗಿ ಪರಿವರ್ತನೆಯಾಯಿತೆನ್ನಿ. ಉಳಿಯುವುದು 4,700 ವಾಟಿಗೆ ಸ್ವಲ್ಪ ಮೇಲೆ, ಅಂದರೆ ಆರೂಕಾಲು ಅಶ್ವಶಕ್ತಿಯಷ್ಟು. ಇಂತಹ ಸ್ಕೂಟರುಗಳ ಶಕ್ತಿ ನಿಜವಾಗಿಯೂ ಇದರ ಆಸುಪಾಸಿನಲ್ಲಿಯೇ ಇರುತ್ತದೆ. ನಮ್ಮ ಲೆಕ್ಕ ದಾರಿತಪ್ಪಿಲ್ಲವೆಂದಾಯಿತು.

ಇದರಿಂದ ಒಂದು ಮುಖ್ಯ ಸಂಗತಿ ತಿಳಿದುಬರುವುದು. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಶಕ್ತಿಗೆ ಮಿತಿ ಹಾಕುವುದು ಗಾಳಿಯ ತೂಕ. ಗಾಳಿಯ ತೂಕ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಶಕ್ತಿಯೂ ಸರಿಸುಮಾರು ನೂರಕ್ಕೆ ಒಂದರಷ್ಟೇ ಹೆಚ್ಚುವುದು. ಅದಕ್ಕಿಂತ ಹೆಚ್ಚಿನದನ್ನು ಆಶಿಸುವಂತಿಲ್ಲ. ಇದನ್ನು ನೆನಪಿಟ್ಟುಕೊಂಡು ಚೀಟಿಯ ಬಾಬುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಫಿಲ್ಟರಿನ ತಡೆ

ಕಾಗದದ ಮಡಿಕೆಗಳ ಮೂಲಕ ನುಸುಳುವಾಗ ಗಾಳಿಯ ಒತ್ತಡ ಸ್ವಲ್ಪ ಇಳಿಯುತ್ತದೆ. ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಒಂದು ಮೀಟರು ಉದ್ದದ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು U ಆಕಾರದಲ್ಲಿ ಬಗ್ಗಿಸಿ ಹಲಗೆಯ ಮೇಲೆ ಕಟ್ಟಿ, ಬಣ್ಣದ ನೀರನ್ನು ಅರ್ಧದಷ್ಟು ತುಂಬಿರಿ. ಗಾಡಿಯಿಂದ ಬಿಚ್ಚಿದ ಫಿಲ್ಟರನ್ನು ಒಂದು ರಟ್ಟಿನ ಪೆಟ್ಟಿಗೆಯ ಬಾಯಿಗೆ ಸಂದುಬಿಡದಂತೆ ಅಂಟಿಸಿ, ಪೆಟ್ಟಿಗೆಯ ಇನ್ನೊಂದು ಬದಿಯಿಂದ ವ್ಯಾಕ್ಯೂಮ್ ಕ್ಲೀನರಿನಿಂದ ಗಾಳಿಯನ್ನೆಳೆಯಿರಿ. ನಳಿಗೆಯ ಒಂದು ತುದಿ ಪೆಟ್ಟಿಗೆಯೊಳಗೂ ಇನ್ನೊಂದು ಹೊರಗೂ ಇರಲಿ. ಎರಡು ತೋಳುಗಳ ನೀರಿನ ಮಟ್ಟದಲ್ಲಿ ಕಾಣುವ ವ್ಯತ್ಯಾಸವೇ ಫಿಲ್ಟರಿನ ತಡೆ. ಗಾಳಿಯ ಹರಿವನ್ನು ತಿಳಿಯಲು ಕ್ಲೀನರಿನ ಹೊರಬಾಯಿಗೆ 100 ಲೀಟರಿನ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ ಅದು ಉಬ್ಬಲು ಹಿಡಿಯುವ ಕಾಲವನ್ನು ನೋಡಿದರಾಯಿತು. ಹೀರುವ ಕೊಳವೆಯ ಬಾಯಿಯನ್ನು ರಟ್ಟಿನಿಂದ ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ, ಚೀಲವು 20 ಸೆಕೆಂಡಿನಲ್ಲಿ ತುಂಬುವಂತೆ ಹೊಂದಿಸಿಕೊಂಡರೆ, ಅದೇ ನಮ್ಮ ಸ್ಕೂಟರಿನ ಸೆಕೆಂಡಿಗೆ 5 ಲೀಟರು. ಕ್ಲೀನರಿನ ಮೋಟಾರು ತಣ್ಣಗಿರುವುದು ಗಾಳಿಯ ಹರಿವಿನಿಂದಲೇ ಆದುದರಿಂದ ಪ್ರಯೋಗವನ್ನು ಬೇಗನೆ ಮುಗಿಸಬೇಕು.

ಮೊದಲು ಹೊಸ ಫಿಲ್ಟರನ್ನು, ಬಳಿಕ ಧೂಳು ಹಿಡಿದ ಹಳೆಯದನ್ನು ಇಟ್ಟು ನೋಡಿರಿ. 10 ಮಿಲಿಮೀಟರು ನೀರಿನ ವ್ಯತ್ಯಾಸವೆಂದರೆ ಸುಮಾರು 98 ಪಾಸ್ಕಲ್. ವಾಯುಭಾರವು 1,01,325 ಪಾಸ್ಕಲ್ ಆದುದರಿಂದ ಇದು ಸಾವಿರಕ್ಕೆ ಒಂದು ಪಾಲು. ಚರ್ಚೆಗಾಗಿ ವ್ಯತ್ಯಾಸ 100 ಮಿಲಿಮೀಟರೆಂದೇ ಒಪ್ಪಿಕೊಂಡರೂ ನಷ್ಟವು ನೂರಕ್ಕೆ ಒಂದು. ಫಿಲ್ಟರನ್ನು ಕಿತ್ತೆಸೆದರೆ ಗಳಿಸುವುದು ಈ ಒಂದನ್ನೇ.

ಪೆಟ್ಟಿಗೆಯನ್ನು ತೆಗೆದರೇನು? ಇಲ್ಲಿಯೂ ಒಂದು ಸೂಕ್ಷ್ಮವಿದೆ. ಯಂತ್ರವು ನಾಲ್ಕು ಹೊಡೆತಗಳಲ್ಲಿ ಒಂದರಲ್ಲಿ ಮಾತ್ರ ಗಾಳಿಯನ್ನು ಹೀರುತ್ತದೆ. ಸರಾಸರಿ 5 ಲೀಟರಾದರೂ ಹೀರುವ ಆ ಗಳಿಗೆಯಲ್ಲಿ ಹರಿವು ಸೆಕೆಂಡಿಗೆ ಸುಮಾರು 20 ಲೀಟರಿನ ಲೆಕ್ಕದಲ್ಲಿರುತ್ತದೆ. ನಮ್ಮ ಅಡಿಕೆ ತೋಟಗಳಲ್ಲಿ ಸಣ್ಣ ತೊರೆಯ ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿ, ಬೇಕಾದಾಗ ಒಮ್ಮೆಲೇ ಬಿಡುವುದನ್ನು ನೀವು ನೋಡಿರಬಹುದು. ಫಿಲ್ಟರಿನ ಹಿಂದಿನ ಪೆಟ್ಟಿಗೆಯೂ ಅಂತಹ ತೊಟ್ಟಿಯೇ. ಫಿಲ್ಟರಿನ ಮೂಲಕ ಗಾಳಿ ಸಮನಾಗಿ ಬರುತ್ತಿರುತ್ತದೆ. ಯಂತ್ರವು ತೊಟ್ಟಿಯಿಂದ ಗುಟುಕು ಗುಟುಕಾಗಿ ಕುಡಿಯುತ್ತದೆ. ಪೆಟ್ಟಿಗೆ ಹೋದರೆ ಇಡೀ ಗುಟುಕಿನ ಭಾರ ನೇರವಾಗಿ ಫಿಲ್ಟರಿನ ಮೇಲೆ ಬೀಳುವುದು. ಖಾಲಿ ಜಾಗದಂತೆ ತೋರುವ ಆ ಪೆಟ್ಟಿಗೆ ಸುಮ್ಮನೆ ಇಟ್ಟುದಲ್ಲ.

ಎದುರುಗಾಳಿಯ ಆಸೆ

ಎರಡನೆಯ ಬಾಬು ಎದುರುಗಾಳಿಯ ತೂಬು. ಗಾಡಿಯ ವೇಗದಿಂದಲೇ ಗಾಳಿಯನ್ನು ಒಳಕ್ಕೆ ತುರುಕುವ ಯೋಚನೆ ಚೆಲುವಾದದ್ದೇ. ಚಲಿಸುವ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದಾಗ ಹುಟ್ಟುವ ಹೆಚ್ಚಿನ ಒತ್ತಡವು, ಗಾಳಿಯ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದಷ್ಟು ಎಂದು ಬರ್ನೂಲಿಯ ನಿಯಮ ಹೇಳುತ್ತದೆ. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ 16.7 ಮೀಟರು. ಇದರ ವರ್ಗ ಸುಮಾರು 278, 1.15ರಿಂದ ಗುಣಿಸಿ ಅರ್ಧಮಾಡಿದರೆ 160 ಪಾಸ್ಕಲ್. ವಾಯುಭಾರದ ಸಾವಿರಕ್ಕೆ 1.6 ಪಾಲು! ಇದಕ್ಕಾಗಿ ಗಾಡಿಯ ಮೈಯನ್ನು ಕೊರೆದು ತೂಬು ಕೂಡಿಸುವುದು, ಬಾವಿಗೆ ಒಂದು ಚೊಂಬು ನೀರು ಸುರಿದಂತೆ. ಒತ್ತಡವು ವೇಗದ ವರ್ಗದಂತೆ ಏರುವುದರಿಂದ ವಿಮಾನಕ್ಕೆ ಇದು ಉಪಯುಕ್ತ; ಪುತ್ತಿಗೆಯಿಂದ ಮೂಡುಬಿದಿರೆಗೆ ಹೋಗುವ ಸ್ಕೂಟರಿಗಲ್ಲ.

ತಂಪು ಗಾಳಿ, ಬಿಸಿ ಗಾಳಿ

ಸ್ಕೂಟರಿಗೂ ವಿಮಾನಕ್ಕೂ ಬೇರೊಂದು ನಂಟಿದೆ. 1946ರಲ್ಲಿ ಇಟಲಿಯ ಪಿಯಾಜಿಯೊ ಕಂಪನಿಗಾಗಿ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ಅವರು ವಿಮಾನ ಮತ್ತು ಹೆಲಿಕಾಪ್ಟರುಗಳ ಎಂಜಿನಿಯರು. ಸವಾರನ ಬಟ್ಟೆಗೆ ಎಣ್ಣೆಯ ಕಲೆಯಾಗಬಾರದೆಂದು ಅವರು ಯಂತ್ರವನ್ನು ಲೋಹದ ಹೊದಿಕೆಯೊಳಗೆ ಬಚ್ಚಿಟ್ಟರು. ಮುಚ್ಚಿಟ್ಟ ಯಂತ್ರಕ್ಕೆ ಹಾದಿಯ ಗಾಳಿ ತಗಲದಾದುದರಿಂದ ಅದನ್ನು ಆರಿಸಲು ಬೀಸಣಿಗೆಯನ್ನು ಕೂಡಿಸಬೇಕಾಯಿತು. ಗಾಳಿಯಿಂದ ಆರಿಸಿಕೊಳ್ಳುವ ಇಂದಿನ ಸ್ಕೂಟರುಗಳಲ್ಲಿಯೂ ಇದೇ ಕ್ರಮ ಮುಂದುವರಿದಿದೆ. ಇದರ ಫಲವೇನೆಂದರೆ, ಹೊದಿಕೆಯ ಒಳಗೆ, ಯಂತ್ರದ ಸುತ್ತ ಇರುವುದು ಬಿಸಿಗಾಳಿ.

ಒತ್ತಡ ಒಂದೇ ಆಗಿರುವಾಗ ಅನಿಲದ ಸಾಂದ್ರತೆಯು ಅದರ ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಅಂದರೆ 303 ಕೆಲ್ವಿನ್. ಯಂತ್ರದ ಪಕ್ಕದ ಗಾಳಿ 45 ಡಿಗ್ರಿ, ಅಂದರೆ 318 ಕೆಲ್ವಿನ್ ಎನ್ನೋಣ. 303ನ್ನು 318ರಿಂದ ಭಾಗಿಸಿದರೆ ಬರುವುದು 0.953. ಬಿಸಿಗಾಳಿಯನ್ನು ಸೇವಿಸಿದ ಯಂತ್ರಕ್ಕೆ ನೂರಕ್ಕೆ ಸುಮಾರು ಐದರಷ್ಟು ಗಾಳಿ ಖೋತಾ! ಕಾರ್ಖಾನೆಯವರು ಇಟ್ಟ ಪೆಟ್ಟಿಗೆಯು ತನ್ನ ಮೂತಿಯ ಮೂಲಕ, ಯಂತ್ರದ ಬಿಸಿ ತಗಲದ ಕಡೆಯಿಂದ ಗಾಳಿಯನ್ನು ಸೆಳೆಯುತ್ತದೆ. ಅದನ್ನು ತೆಗೆದು ಯಂತ್ರದ ಬಗಲಲ್ಲಿ ತೆರೆದ ಫಿಲ್ಟರನ್ನು ಸಿಕ್ಕಿಸಿದವನು ಒಂದನ್ನು ಗಳಿಸಲು ಹೋಗಿ ಐದನ್ನು ಕಳೆದುಕೊಳ್ಳುತ್ತಾನೆ.

ಗಾಳಿ ತೆಳುವಾದರೆ ಶಕ್ತಿ ಕುಗ್ಗುವುದನ್ನು ನಮ್ಮವರು ಚಾರ್ಮಾಡಿ ಘಾಟಿಯಲ್ಲಿ ಅನುಭವಿಸಬಹುದು. ಕರಾವಳಿಯಿಂದ ಘಾಟಿಯೇರಿ ಚಿಕ್ಕಮಗಳೂರನ್ನು ಮುಟ್ಟುವಾಗ 1000 ಮೀಟರಿಗಿಂತ ಹೆಚ್ಚು ಎತ್ತರವನ್ನು ಹತ್ತಿರುತ್ತೇವೆ. ಅಷ್ಟು ಎತ್ತರಕ್ಕೆ ಗಾಳಿಯ ಸಾಂದ್ರತೆ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಯಂತ್ರದ ಶಕ್ತಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಲ್ಲಿನ ತಂಪು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವುದೂ ಉಂಟು.

ಧೂಳು ಮತ್ತು ನೀರು

ಫಿಲ್ಟರು ಇರುವುದು ಏತಕ್ಕೆ? ನಮ್ಮೂರಿನ ನೆಲ ಮುರಕಲ್ಲಿನದು. ಬೇಸಗೆಯಲ್ಲಿ ಕಲ್ಲು ಹೇರಿದ ಲಾರಿಯೊಂದು ಮುಂದೆ ಹೋದರೆ ಹಿಂದೆ ಬರುವವನ ಅಂಗಿ ಕೆಂಪಾಗುತ್ತದೆ. ಅದೇ ಗಾಳಿಯನ್ನು ಯಂತ್ರವೂ ಸೇವಿಸುತ್ತದೆ. ಪೂರ್ಣ ವೇಗದ ಅರ್ಧದಷ್ಟು, ಅಂದರೆ ಗಂಟೆಗೆ 9 ಘನ ಮೀಟರು ಗಾಳಿಯೆಂದು ಹಿಡಿಯೋಣ. ಘನ ಮೀಟರಿಗೆ ಒಂದೇ ಒಂದು ಮಿಲಿಗ್ರಾಂ ಧೂಳು ಇದೆಯೆನ್ನೋಣ. ವರುಷಕ್ಕೆ 300 ಗಂಟೆ ಗಾಡಿ ಓಡಿದರೆ ಸೇರುವ ಧೂಳು 2.7 ಗ್ರಾಂ: ಸುಮಾರು ಅರ್ಧ ಚಹಾ ಚಮಚ. ಪಿಸ್ಟನಿಗೂ ಸಿಲಿಂಡರಿನ ಗೋಡೆಗೂ ನಡುವಣ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅಲ್ಲಿರುವ ಎಣ್ಣೆಯ ಪದರ ಅದಕ್ಕಿಂತಲೂ ತೆಳು. ಮುರಕಲ್ಲಿನ ಧೂಳಿನಲ್ಲಿರುವ ಗಟ್ಟಿ ಕಣಗಳು ಎಣ್ಣೆಯೊಡನೆ ಬೆರೆತು, ಅರೆಯುವ ಲೇಪದಂತೆ ವರ್ತಿಸುತ್ತವೆ. ಉಂಗುರಗಳು ಸವೆದಾಗ ಸಂಪೀಡನ ಸೋರುತ್ತದೆ, ಎಣ್ಣೆ ಉರಿಯುತ್ತದೆ, ಹೊಗೆ ನೀಲಿಯಾಗುತ್ತದೆ. ನೂರಕ್ಕೆ ಒಂದರ ಲಾಭಕ್ಕೆ ತೆರುವ ಬೆಲೆ ಇದು.

ಇನ್ನು ಮಳೆಗಾಲ. ನಮ್ಮ ಕಡೆಯ ಮಳೆಗೆ ತಗ್ಗಿನ ರಸ್ತೆಗಳ ಮೇಲೆ ನೀರು ನಿಲ್ಲುವುದು ಹೊಸದಲ್ಲ. ಸಂಪೀಡನದ ಅನುಪಾತ 10 ಆಗಿರುವ 110 ಘನ ಸೆಂಟಿಮೀಟರಿನ ಯಂತ್ರದಲ್ಲಿ, ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲುಳಿಯುವ ಜಾಗ 110ರ ಒಂಬತ್ತನೆಯ ಒಂದು ಪಾಲು, ಅಂದರೆ ಸುಮಾರು 12 ಘನ ಸೆಂಟಿಮೀಟರು. ಗಾಳಿಯನ್ನು ಒತ್ತಿ ಕಿರಿದಾಗಿಸಬಹುದು; ನೀರನ್ನು ಆಗದು. ಎರಡೂವರೆ ಚಹಾ ಚಮಚದಷ್ಟು ನೀರು ಸಿಲಿಂಡರನ್ನು ಹೊಕ್ಕರೆ ಪಿಸ್ಟನಿಗೆ ಮೇಲೇರಲು ಸ್ಥಳವಿಲ್ಲ. ಯಂತ್ರವು ವೇಗದಲ್ಲಿದ್ದರೆ ಪಿಸ್ಟನನ್ನು ಹಿಡಿದ ಉಕ್ಕಿನ ಕಡ್ಡಿಯೇ ಬಾಗುತ್ತದೆ. ಪೆಟ್ಟಿಗೆಯ ಮೂತಿಯನ್ನು ಎತ್ತರದಲ್ಲಿ, ಚಕ್ರದ ಸಿಡಿತಕ್ಕೆ ಸಿಕ್ಕದಂತೆ ಮರೆಯಲ್ಲಿಟ್ಟಿರುವುದರ ಮರ್ಮವಿದು.

ಗಾಳಿಗೆ ತಕ್ಕ ಪೆಟ್ರೋಲು

ಒಳಗೆ ಹೋಗುವ ಗಾಳಿ ಹೆಚ್ಚಿದರೂ ಅದಕ್ಕೆ ತಕ್ಕ ಪೆಟ್ರೋಲು ಸೇರದಿದ್ದರೆ ಪ್ರಯೋಜನವಿಲ್ಲ. ಹಳೆಯ ಗಾಡಿಗಳಲ್ಲಿ ಈ ಹೊಣೆ ಕಾರ್ಬೊರೇಟರಿನದು. ಅದರ ಇಕ್ಕಟ್ಟಾದ ಕುತ್ತಿಗೆಯಲ್ಲಿ ಗಾಳಿ ವೇಗವಾಗಿ ಹರಿಯುವಾಗ ಒತ್ತಡ ಇಳಿದು, ಬಟ್ಟಲಿನಲ್ಲಿರುವ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಮೇಲೇರಿ ಚಿಮ್ಮುತ್ತದೆ. ಬಟ್ಟಲಿನ ಮೇಲೆ ಹೊರಗಿನ ವಾಯುಭಾರವಿರುವ ರಚನೆಯಲ್ಲಿ, ಫಿಲ್ಟರಿನ ತಡೆಯೂ ಈ ಸೆಳೆತಕ್ಕೆ ಒಂದಿಷ್ಟು ನೆರವಾಗುತ್ತಿರುತ್ತದೆ; ರಂಧ್ರದ ಅಳತೆಯನ್ನು ನಿಶ್ಚಯಿಸಿದ್ದು ಅದನ್ನೂ ಗಣನೆಗೆ ತಂದುಕೊಂಡೇ. ಫಿಲ್ಟರನ್ನು ತೆಗೆದರೆ ಸೆಳೆತ ಕುಗ್ಗಿ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುವುದು. ಹೀಗೆ ಬಡವಾದ ಮಿಶ್ರಣವು ನಿಧಾನವಾಗಿ ಉರಿಯುತ್ತದೆ, ಯಂತ್ರವು ಕಾಯುತ್ತದೆ, ಸ್ಪಾರ್ಕ್ ಪ್ಲಗ್ಗಿನ ತುದಿ ಕಂದು ಬಣ್ಣವನ್ನು ಬಿಟ್ಟು ಬಿಳಿಚಿಕೊಳ್ಳುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ಬಳಿಕ ಸ್ಕೂಟರುಗಳಲ್ಲಿ ಕಾರ್ಬೊರೇಟರಿನ ಸ್ಥಾನಕ್ಕೆ ಪೆಟ್ರೋಲನ್ನು ಅಳೆದು ಸಿಂಪಡಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿದೆ. ನಿಷ್ಕಾಸ ಕೊಳವೆಯಲ್ಲಿರುವ ಸಂವೇದಕವು ಉಳಿದ ಆಮ್ಲಜನಕವನ್ನು ನೋಡಿ, ಪೆಟ್ರೋಲು ಹೆಚ್ಚೋ ಕಡಿಮೆಯೋ ಎಂದು ತಿಳಿಸುತ್ತದೆ. ಕೊಳವೆಯನ್ನು ಬದಲಾಯಿಸುವಾಗ ಸಂವೇದಕದ ಬಳಿ ಕೂದಲೆಳೆಯಷ್ಟು ಸಂದು ಉಳಿದರೂ ಹೊರಗಿನ ಗಾಳಿ ನುಸುಳಿ, ಅದು ಸುಳ್ಳು ಸುದ್ದಿಯನ್ನು ಕೊಡುತ್ತದೆ; ಯಂತ್ರವು ಬೇಡದ ಪೆಟ್ರೋಲನ್ನು ಕುಡಿಯುತ್ತದೆ.

ಹೊರಗೆ ಹೋಗುವ ದಾರಿ

ಈಗ ಮೂರನೆಯ ಬಾಬು, ಸೈಲೆನ್ಸರು. ಒಳತಡೆಗಳಿಂದಾಗಿ ಸುಟ್ಟ ಅನಿಲವು ವಾಯುಭಾರಕ್ಕಿಂತ 5,000 ಪಾಸ್ಕಲ್ ಹೆಚ್ಚಿನ ಒತ್ತಡವನ್ನೆದುರಿಸಿ ಹೊರಡಬೇಕಾಗಿದೆ ಎಂದು ಊಹಿಸೋಣ. ಈ ತಡೆಯನ್ನು ಪೂರ್ತಿ ಇಲ್ಲವಾಗಿಸಿದರೆ ಉಳಿಯುವ ಕೆಲಸವೆಷ್ಟು? ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಕೆಲಸ. 5,000 ಪಾಸ್ಕಲ್, 0.00011 ಘನ ಮೀಟರು, ಸೆಕೆಂಡಿಗೆ 50 ಬಾರಿ: ಮೂರನ್ನೂ ಗುಣಿಸಿದರೆ 27.5 ವಾಟ್. 4,700 ವಾಟಿನ ಯಂತ್ರದಲ್ಲಿ ಇದು ನೂರಕ್ಕೆ 0.6. ಸಿಲಿಂಡರಿನ ತುದಿಯ 12 ಘನ ಸೆಂಟಿಮೀಟರಿನಲ್ಲಿ ಉಳಿದುಕೊಳ್ಳುವ ಹಳೆಯ ಅನಿಲವೂ ಸ್ವಲ್ಪ ಕಡಿಮೆಯಾಗಿ, ಹೊಸ ಗಾಳಿಗೆ ನೂರಕ್ಕೆ ಇನ್ನೊಂದು ಅರ್ಧದಷ್ಟು ಎಡೆ ಸಿಕ್ಕೀತು.

ಎಲ್ಲವನ್ನೂ ಕೂಡಿಸೋಣ. ಫಿಲ್ಟರಿನಿಂದ 1, ಎದುರುಗಾಳಿಯಿಂದ 0.16, ನಿಷ್ಕಾಸದಿಂದ 1.1, ಒಟ್ಟು ನೂರಕ್ಕೆ 2.3ರಷ್ಟು. ಬಿಸಿಗಾಳಿಯ ನಷ್ಟವನ್ನು ಮರೆತು, ಇಷ್ಟೂ ನಿಜವಾಗಿ ದೊರೆಯಿತೆಂದೇ ಇಟ್ಟುಕೊಳ್ಳಿ. ವೇಗದಲ್ಲಿ ಹೋಗುವ ಗಾಡಿಯ ಶಕ್ತಿಯೆಲ್ಲ ಬಹುಮಟ್ಟಿಗೆ ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುವುದು. ಅದಕ್ಕೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ಆದುದರಿಂದ ಶಕ್ತಿ ನೂರಕ್ಕೆ 2.3 ಏರಿದರೆ ವೇಗವು ಅದರ ಮೂರನೆಯ ಒಂದು ಪಾಲು, ಅಂದರೆ 0.77ರಷ್ಟು ಮಾತ್ರ ಏರುವುದು. ಗಂಟೆಗೆ 80 ಕಿಲೋಮೀಟರು ಓಡಬಲ್ಲ ಸ್ಕೂಟರು 80.6 ಕಿಲೋಮೀಟರು ಓಡೀತು. ವೇಗಮಾಪಕದ ಮುಳ್ಳಿನ ದಪ್ಪಕ್ಕೂ ಸಾಲದ ಲಾಭವಿದು!

ಕೊಳವೆಯೊಳಗಿನ ಅಲೆ

ಹಾಗಾದರೆ ನಿಷ್ಕಾಸ ಕೊಳವೆಯಿಂದ ಶಕ್ತಿಯನ್ನು ಹೆಚ್ಚಿಸುವುದು ಸಾಧ್ಯವೇ ಇಲ್ಲವೆ? ಉಂಟು. ಅದನ್ನು ಸಾಧಿಸಿದವರು ತಡೆಯನ್ನು ಕೀಳಲಿಲ್ಲ, ಅಲೆಯನ್ನು ಅರಿತರು.

ಎರಡು ಹೊಡೆತಗಳ ಯಂತ್ರಗಳು ನಮ್ಮ ಹಿರಿಯರಿಗೆ ಚೆನ್ನಾಗಿ ಪರಿಚಿತ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲುಗಳೂ, 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರೂ ಇದೇ ಬಗೆಯವು. ಒಂದೇ ಸಿಲಿಂಡರಿಗೆ ಎರಡು ನಿಷ್ಕಾಸ ಕೊಳವೆಗಳನ್ನು ಹೊತ್ತ ಜಾವಾದ ದನಿಯನ್ನು ಕೇಳಿದವರು ಮರೆಯರು. ಇಂತಹ ಯಂತ್ರದಲ್ಲಿ ಸುಟ್ಟ ಅನಿಲ ಹೊರಡುವ ಬಾಗಿಲು ತೆರೆದಿರುವಾಗಲೇ ಹೊಸ ಮಿಶ್ರಣವೂ ಒಳಬರುತ್ತದೆ. ಅದರಲ್ಲಿ ಒಂದು ಪಾಲು ಉರಿಯದೆಯೇ ಹೊರಕ್ಕೆ ಸೋರುತ್ತದೆ.

ಪೂರ್ವ ಜರ್ಮನಿಯ ತ್ಸೊಪಾವ್ ಊರಿನ ಎಂ.ಜೆಡ್. ಕಾರ್ಖಾನೆಯಲ್ಲಿದ್ದ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 1950ರ ದಶಕದಲ್ಲಿ ಈ ಸೋರಿಕೆಗೆ ಕೊಳವೆಯಿಂದಲೇ ಮದ್ದು ಕಂಡರು. ಬಾಗಿಲು ತೆರೆದಾಗ ಹೊರಡುವ ಒತ್ತಡದ ಅಲೆ, ಹಿಗ್ಗುವ ಶಂಕುವಿನಲ್ಲಿ ಹೀರುವ ಅಲೆಯಾಗಿ ಮರಳುತ್ತದೆ. ಕುಗ್ಗುವ ಶಂಕುವಿನಲ್ಲಿ ಒತ್ತುವ ಅಲೆಯಾಗಿಯೇ ಮರಳುತ್ತದೆ. ಮೊದಲನೆಯದು ಸಿಲಿಂಡರನ್ನು ಬರಿದುಮಾಡಲು ನೆರವಾಗುವುದು. ಎರಡನೆಯದು ಸೋರುತ್ತಿದ್ದ ಹೊಸ ಮಿಶ್ರಣವನ್ನು, ಬಾಗಿಲು ಮುಚ್ಚುವ ಮುನ್ನ ಒಳಕ್ಕೆ ತಳ್ಳುವುದು. ಬಿಸಿ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 500ರಿಂದ 600 ಮೀಟರು. ನಿಮಿಷಕ್ಕೆ 10,000 ಸುತ್ತಿನ ಯಂತ್ರದಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 6 ಪಾಲು. ಬಾಗಿಲು ತೆರೆದಿರುವುದು ಅದರ ಅರ್ಧದಷ್ಟು ಕಾಲ. ಅಷ್ಟರಲ್ಲಿ ಅಲೆ ಸುಮಾರು 80 ಸೆಂಟಿಮೀಟರು ಹೋಗಿ ಮರಳಬಲ್ಲದು. ಕೊಳವೆಯ ಉದ್ದವೂ ಶಂಕುಗಳ ಇಳಿಜಾರೂ ಈ ಲೆಕ್ಕಕ್ಕೆ ಹೊಂದಬೇಕು. 1961ರಲ್ಲಿ ಕಾಡೆನ್ನರ 125 ಘನ ಸೆಂಟಿಮೀಟರಿನ ಪಂದ್ಯದ ಯಂತ್ರವು 25 ಅಶ್ವಶಕ್ತಿಯನ್ನು ಕೊಟ್ಟಿತು. ಅದೇ ವರುಷ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ದೇಶವನ್ನು ಬಿಟ್ಟು ಹೋಗಿ ಈ ವಿದ್ಯೆಯನ್ನು ಜಪಾನಿನ ಸುಜುಕಿ ಕಂಪನಿಗೆ ಮುಟ್ಟಿಸಿದನು. 1962ರಲ್ಲಿ ಸುಜುಕಿಯ 50 ಘನ ಸೆಂಟಿಮೀಟರಿನ ಯಂತ್ರವನ್ನೇರಿ ವಿಶ್ವ ಪ್ರಶಸ್ತಿಯನ್ನೂ ಗೆದ್ದನು.

ಆದರೆ ಗಮನಿಸಿ: ಅದೇ ಕೊಳವೆ 5,000 ಸುತ್ತಿನಲ್ಲಿ ಅಲೆಯನ್ನು ಅಕಾಲದಲ್ಲಿ ಮರಳಿಸಿ ಯಂತ್ರವನ್ನು ಸೊರಗಿಸುತ್ತದೆ. ಕೊಳಲಿನ ರಂಧ್ರದ ಸ್ಥಾನ ತಪ್ಪಿದರೆ ಸ್ವರ ತಪ್ಪುವಂತೆಯೇ ಇದು. ಲೆಕ್ಕವಿಲ್ಲದೆ ಸೈಲೆನ್ಸರಿನ ಒಡಲನ್ನು ಬಗೆಯುವವನು ಕೊಳಲಿಗೆ ಎಲ್ಲೆಂದರಲ್ಲಿ ತೂತು ಕೊರೆದಂತಾಗುವುದು.

ಗದ್ದಲವು ಎಷ್ಟು ವಾಟ್?

“ಸೈಲೆನ್ಸರ್ ತೆಗೆದ ಗಾಡಿ ಎಷ್ಟು ಜೋರು ಓಡುತ್ತದೆ ಸರ್, ಶಬ್ದ ಕೇಳಿದರೇ ಗೊತ್ತಾಗುತ್ತದೆ” ಎಂದನು ನನ್ನ ವಿದ್ಯಾರ್ಥಿ. ಗದ್ದಲವೇ ಶಕ್ತಿಯೆಂಬ ಈ ನಂಬಿಕೆಯನ್ನೂ ತೂಗಿ ನೋಡೋಣ.

80ರಿಂದ 175 ಘನ ಸೆಂಟಿಮೀಟರಿನವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ನಮ್ಮ ದೇಶದ ನಿಯಮವು 77 ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿದೆ. ಒಳತಡೆ ಕಿತ್ತ ಗಾಡಿ ಏಳೂವರೆ ಮೀಟರು ದೂರದಲ್ಲಿ 97 ಡೆಸಿಬೆಲ್ ಕೂಗುತ್ತದೆನ್ನಿ. 10 ಡೆಸಿಬೆಲ್‌ಗೆ ತೀವ್ರತೆ ಹತ್ತು ಮಡಿ. 20 ಏರಿದರೆ ನೂರು ಮಡಿ. 97 ಡೆಸಿಬೆಲ್ ಎಂದರೆ ಚದರ ಮೀಟರಿಗೆ 0.005 ವಾಟ್. ಏಳೂವರೆ ಮೀಟರು ತ್ರಿಜ್ಯದ ಅರ್ಧಗೋಲದ ವಿಸ್ತೀರ್ಣ ಸುಮಾರು 353 ಚದರ ಮೀಟರು. ಗುಣಿಸಿದರೆ ಒಟ್ಟು ಶಬ್ದಶಕ್ತಿ 1.8 ವಾಟ್! ಊರನ್ನೇ ಎಬ್ಬಿಸುವ ಆ ಆರ್ಭಟದ ಬಂಡವಾಳ ಎರಡು ವಾಟೂ ಇಲ್ಲ. ದೇವರ ಕೋಣೆಯ ಸಣ್ಣ ವಿದ್ಯುದ್ದೀಪಕ್ಕೂ ಅದು ಸಾಲದು. ನಮ್ಮ ಕಿವಿಯ ಸೂಕ್ಷ್ಮತೆ ಅಷ್ಟು ದೊಡ್ಡದಾದುದರಿಂದ ಅದು ಶಕ್ತಿಯಂತೆ ತೋರುವುದು. ಆ ಎರಡು ವಾಟಿಗಾಗಿ ಎಚ್ಚರಗೊಳ್ಳುವ ಹಸುಗೂಸುಗಳೂ, ಬೆಚ್ಚಿಬೀಳುವ ರೋಗಿಗಳೂ, ಓದು ಕೆಡುವ ಮಕ್ಕಳೂ ಎಷ್ಟು ಮಂದಿಯೋ!

ಸೈಲೆನ್ಸರಿನೊಳಗೆ ಪ್ಲಾಟಿನಮ್, ಪೆಲೇಡಿಯಮ್ ಮುಂತಾದ ಲೋಹಗಳ ತೆಳುಲೇಪವಿರುವ ವೇಗವರ್ಧಕವೂ ಇರುತ್ತದೆ. ವಿಷವಾದ ಇಂಗಾಲದ ಮಾನಾಕ್ಸೈಡನ್ನು ಅದು ಡೈಆಕ್ಸೈಡಾಗಿಸುತ್ತದೆ. ಕೊಳವೆಯನ್ನು ಬದಲಾಯಿಸುವವನು ಅದನ್ನೂ ಎಸೆಯುತ್ತಾನೆ. ಕಾನೂನು ಈ ಎಲ್ಲವನ್ನೂ ಗಮನಿಸಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಮಾಡಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದವನಿಗೆ ಮೊದಲ ಸಲ 3 ತಿಂಗಳವರೆಗಿನ ಸೆರೆವಾಸ, ಇಲ್ಲವೆ 10,000 ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡನ್ನೂ 2019ರ ತಿದ್ದುಪಡಿಯು ಗೊತ್ತುಮಾಡಿತು.

ಮಾಡಬೇಕಾದುದೇನು?

ಗಾಡಿಯ ಉಸಿರನ್ನು ಸಲೀಸು ಮಾಡುವ ದಾರಿಗಳು ಇಲ್ಲದೆ ಇಲ್ಲ. ಧೂಳು ತುಂಬಿದ ಫಿಲ್ಟರಿನ ತಡೆ ಹೊಸದರ ತಡೆಗಿಂತ ಹಲವು ಮಡಿ ಹೆಚ್ಚಿರಬಲ್ಲದು. U ನಳಿಗೆಯ ಪ್ರಯೋಗದಲ್ಲಿ ಇದು ಕಣ್ಣಿಗೇ ಕಾಣುವುದು. ಕೈಪಿಡಿ ಹೇಳಿದ ಕಾಲಕ್ಕೆ, ನಮ್ಮಂತಹ ಕೆಂಪು ಧೂಳಿನ ಊರಿನಲ್ಲಿ ಅದಕ್ಕೂ ಮೊದಲೇ, ಫಿಲ್ಟರನ್ನು ಬದಲಾಯಿಸಬೇಕು. ಪೆಟ್ಟಿಗೆಯ ಸಂದುಗಳೂ ರಬ್ಬರಿನ ಕೊಳವೆಯೂ ಬಿರುಕು ಬಿಡದಂತೆ ನೋಡಿಕೊಳ್ಳಬೇಕು. ಕವಾಟಗಳ ಸಂದನ್ನು ನಿಯಮದಂತೆ ಸರಿಪಡಿಸಿದರೆ ಬಾಗಿಲು ತೆರೆಯುವ ಎತ್ತರವೂ ಕಾಲವೂ ಸರಿಯಾಗುತ್ತವೆ. ಎರಡು ಹೊಡೆತಗಳ ಹಳೆಯ ಗಾಡಿಯಿದ್ದವರು ನಿಷ್ಕಾಸದ ಬಾಗಿಲಲ್ಲಿಯೂ ಸೈಲೆನ್ಸರಿನಲ್ಲಿಯೂ ಕಟ್ಟಿಕೊಳ್ಳುವ ಎಣ್ಣೆಯ ಮಸಿಯನ್ನು ಆಗಾಗ ಕೆರೆದು ತೆಗೆಸಬೇಕು. ಕಳೆದುಹೋದ ಶಕ್ತಿ ಅದರಿಂದ ಮರಳುವುದನ್ನು ಹಳೆಯ ಮೆಕ್ಯಾನಿಕರೆಲ್ಲರೂ ಬಲ್ಲರು. ಇವು ಯಾವುವೂ ಹೊಸ ಶಕ್ತಿಯನ್ನು ಕೊಡವು. ಯಂತ್ರಕ್ಕೆ ಹುಟ್ಟಿನಿಂದ ಬಂದ ಶಕ್ತಿಯನ್ನು ಉಳಿಸಿಕೊಡುತ್ತವೆ.

ಕತ್ತಲಾಗುವ ಹೊತ್ತಿಗೆ ನನ್ನ ವಿದ್ಯಾರ್ಥಿ ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗಿಟ್ಟನು. ಮೊದಲಿನ ಚೀಟಿಯ ಹಿಂಬದಿಯಲ್ಲಿ ‘ಹೊಸ ಫಿಲ್ಟರ್ 1’ ಎಂದು ಬರೆದುಕೊಂಡನು. “ಉಳಿದ ದುಡ್ಡು ಅಮ್ಮನಿಗೆ ವಾಪಸು” ಎಂದು ನಗುತ್ತ ಗಾಡಿಯನ್ನು ಚಾಲೂ ಮಾಡಿದನು. ಗೇಟು ದಾಟಿದ ಮೇಲೆ ಅದರ ಸದ್ದು ಜೀರುಂಡೆಗಳ ದನಿಯಲ್ಲಿ ಅಡಗಿಹೋಯಿತು.

ಅಭ್ಯಾಸಕ್ಕಾಗಿ

1. ನಿಮ್ಮ ಮನೆಯ ಸ್ಕೂಟರಿನ ಸಿಲಿಂಡರಿನ ಗಾತ್ರವನ್ನು ಕೈಪಿಡಿಯಲ್ಲಿ ನೋಡಿ, ನಿಮಿಷಕ್ಕೆ 4000 ಸುತ್ತಿನಲ್ಲಿ ಅದು ಸೇವಿಸುವ ಗಾಳಿಯನ್ನು ಲೆಕ್ಕಮಾಡಿರಿ.

2. ಎದುರುಗಾಳಿಯಿಂದ ನೂರಕ್ಕೆ 5ರಷ್ಟು ಒತ್ತಡ ಹೆಚ್ಚಬೇಕಾದರೆ ಗಾಡಿಯ ವೇಗ ಗಂಟೆಗೆ ಎಷ್ಟು ಕಿಲೋಮೀಟರು ಇರಬೇಕು?

3. ಗಂಟೆಗೆ 80 ಕಿಲೋಮೀಟರು ಓಡುವ ಸ್ಕೂಟರನ್ನು 88 ಕಿಲೋಮೀಟರು ಓಡಿಸಲು ಶಕ್ತಿಯನ್ನು ನೂರಕ್ಕೆ ಎಷ್ಟು ಹೆಚ್ಚಿಸಬೇಕು?